ಎಣ್ಣೆಗಾಯಿ ಹತ್ತಿದ ಕೈ

ನಮ್ಮೂರಿನ ಹೋಟೆಲುಗಳಿಗೆ ಬೋರ್ಡು ಇಲ್ಲ. ಬಾಗಿಲಲ್ಲಿ ಒಂದು ಸ್ಟೂಲು, ಅದರ ಮೇಲೆ ಯಜಮಾನ, ಯಜಮಾನನ ಬಲಗೈ ಮುಂದಕ್ಕೆ, ಅಷ್ಟೇ. ಬಂದವರು ಬಗ್ಗಿ ಆ ಕೈಯನ್ನು ಮೂಸುತ್ತಾರೆ. ಹಿಡಿಸಿದರೆ ಒಳಗೆ, ಇಲ್ಲದಿದ್ದರೆ ಮುಂದಿನ ಬಾಗಿಲಿಗೆ. ಮನಸಾರೆ ಸವಿದು ತಿಂದದ್ದರ ವಾಸನೆ ಮಾತ್ರ ಕೈಗೆ ಹತ್ತುತ್ತದೆ, ಕಾಟಾಚಾರಕ್ಕೆ ತಿಂದದ್ದು ಹತ್ತುವುದಿಲ್ಲ. ಹತ್ತಿದ್ದು ಸೋಪಿಗೂ ಹೋಗದು, ಸೀಗೆಪುಡಿಗೂ ಹೋಗದು. ಅಷ್ಟೇ ಪ್ರೀತಿಯಿಂದ ಇನ್ನೊಂದನ್ನು ತಿನ್ನುವ ತನಕ ಅಲ್ಲೇ ಕೂತಿರುತ್ತದೆ. ಇದರ ಮೇಲೊಂದು ತಮಾಷೆ, ಅವರವರ ಕೈ ಅವರವರ ಮೂಗಿಗೆ ಗೊತ್ತಾಗುವುದಿಲ್ಲ. 'ತನ್ನ ಕೈ ತನಗೆ ನಾರದು' ಅಂತ ನಮ್ಮ ಕಡೆ ಗಾದೆಯೇ ಇದೆ. ಕದ್ದು ಬೆಲ್ಲ ತಿಂದ ಮಕ್ಕಳು ಅಮ್ಮನ ಮುಂದೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತವೆ. ಓಟು ಕೇಳಲು ಬರುವ ದೊಡ್ಡ ಮನುಷ್ಯರು ಬಿರುಬಿಸಿಲಿನಲ್ಲೂ ಕೈಗವಸು ಹಾಕಿಕೊಂಡು ಬರುತ್ತಾರೆ.

ನಾನು ಮೊಗಣ್ಣ. ಸಂತೆಬೀದಿಯ ಮಿಲಿಟರಿ ಹೋಟೆಲಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಕೈ ಚಾಚಿಕೊಂಡು ಕೂತವನು. ಒಳಗೆ ಒಲೆಯ ಮುಂದೆ ನನ್ನ ಹೆಂಡತಿ ದುಂಡಮ್ಮ. ಮಟನ್ ಸಾರು, ರಾಗಿಮುದ್ದೆ, ಭಾನುವಾರ ತಲೆಮಾಂಸ, ಬುಧವಾರ ಬೋಟಿ ಗೊಜ್ಜು. ನಾನಂತೂ ಹುಟ್ಟಾ ಬಾಡಿನ ಮನುಷ್ಯ. ತಟ್ಟೆಯಲ್ಲಿ ಮೂಳೆ ಇಲ್ಲದಿದ್ದರೆ ಊಟ ಆಯಿತು ಎಂದು ಹೊಟ್ಟೆ ಒಪ್ಪುತ್ತಿರಲಿಲ್ಲ. ಸೊಪ್ಪು ಸದೆ ಕಂಡರೆ, ದನಕ್ಕೆ ಹಾಕ್ರೋ ಎನ್ನುತ್ತಿದ್ದೆ. ಸಿಹಿಯೂಟದ ಮದುವೆಗೆ ಹೋದರೆ ಪಾಯಸದ ತನಕ ಎಲೆಯಲ್ಲಿ ಗೆರೆ ಎಳೆಯುತ್ತ ಕೂತು, ಹಸಿದುಕೊಂಡೇ ಎದ್ದು ಬರುತ್ತಿದ್ದೆ. ಇದನ್ನು ಊರೆಲ್ಲ ಹೇಳಿಕೊಂಡು ಮೆರೆದವನೂ ನಾನೇ. ಬಾಯಿಗೆ ಬೀಗ ಇರಬೇಕಿತ್ತು.

ನಮ್ಮ ಮನೆಯಲ್ಲಿ ಒಂದು ಗುಟ್ಟಿತ್ತು. ಎರಡು ವರ್ಷದ ಹಿಂದೆ ದುಂಡಮ್ಮ ಜ್ವರ ಬಂದು ಹದಿನೆಂಟು ದಿನ ಮಲಗಿದಳು. ಎದ್ದಾಗ ಜ್ವರ ಹೋಗಿತ್ತು, ಜೊತೆಗೆ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಉಪ್ಪು ಇಟ್ಟರೂ ಅಷ್ಟೇ, ಬೆಲ್ಲ ಇಟ್ಟರೂ ಅಷ್ಟೇ. ಮೂಗು ಮಾತ್ರ ಮೊದಲಿಗಿಂತ ಚುರುಕಾಗಿತ್ತು. ಅಡುಗೆಯವರ ಕೈ ಮೂಸುವುದು ನಮ್ಮೂರಲ್ಲಿ ಮರ್ಯಾದೆಯಲ್ಲ, ಹಾಗಾಗಿ ಹೊರಗೆ ಯಾರಿಗೂ ಗೊತ್ತಾಗಲಿಲ್ಲ. ಮೊದಮೊದಲು ಅವಳು ಊಟ ಮಾಡಿದ ಮೇಲೆ ನನ್ನ ಮುಂದೆ ಕೈ ಹಿಡಿದು, ಏನಾದರೂ ಬರ್ತದಾ ನೋಡಿ, ಎನ್ನುತ್ತಿದ್ದಳು. ತೊಳೆದಿಟ್ಟ ತಟ್ಟೆಯ ಹಾಗೆ ಏನೆಂದರೆ ಏನೂ ಇರುತ್ತಿರಲಿಲ್ಲ. ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಒಂಚೂರು ಬರ್ತಾ ಅದೆ ಕಣೇ, ಎನ್ನುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಅಲ್ಲಿಂದ ಅವಳ ನಾಲಿಗೆ ಎಂದರೆ ನನ್ನ ಕೈ. ಬೆಳಿಗ್ಗೆ ಹತ್ತು ಗಂಟೆಗೆ ಸಾರು ಕುದಿ ಹತ್ತಿದಾಗ ಒಂದು ಬಟ್ಟಲಿಗೆ ಹಾಕಿ ಕೊಡುತ್ತಿದ್ದಳು. ನಾನು ಒಲೆಯ ಪಕ್ಕ ನಿಂತೇ ಕುಡಿಯುತ್ತಿದ್ದೆ, ಎರಡು ತುಂಡು ಅಗಿಯುತ್ತಿದ್ದೆ. ಅವಳು ನನ್ನ ಬಲಗೈ ಹಿಡಿದು ಮೂಗಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಸಾರಿನಲ್ಲಿ ಯಾವುದು ಕುಂದಿದೆಯೋ ಕೈಯಲ್ಲೂ ಅದು ಕುಂದುತ್ತಿತ್ತು. ಉಪ್ಪು ಸಾಲದು, ಚಕ್ಕೆ ಮುಂದಾಯಿತು, ಗಸಗಸೆ ಹಸಿ ಅದೆ ಎಂದು ತಾನೇ ಹೇಳಿ ಸರಿಮಾಡುತ್ತಿದ್ದಳು. ಆ ಹೊತ್ತಿನಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ನನಗೊಬ್ಬನಿಗೇ ಗೊತ್ತು. ಇವತ್ತು ಕೈಗೆ ಹತ್ತದಿದ್ದರೆ ಇವಳ ಗತಿ ಏನು ಎಂದುಕೊಳ್ಳುತ್ತಲೇ ಒಂದೊಂದು ಗುಟುಕನ್ನೂ ನುಂಗುತ್ತಿದ್ದೆ. ಹೇಗೋ ಹತ್ತುತ್ತಿತ್ತು. ದಿನ ಹೋಗುತ್ತಿತ್ತು.

ಅಷ್ಟರಲ್ಲಿ ದುಂಡಮ್ಮನ ಅಣ್ಣ ಜವರಣ್ಣ ಬಂದ. ಮಗಳ ಮದುವೆ ಆಗಿದೆ, ಮುಂದಿನ ಭಾನುವಾರ ಬೀಗರೂಟ, ಮುನ್ನೂರು ಎಲೆ, ನನ್ನ ತಂಗಿ ಇರುವಾಗ ಬೇರೆ ಅಡುಗೆಯವರು ನಮ್ಮ ಅಂಗಳಕ್ಕೆ ಕಾಲಿಡಕೂಡದು ಎಂದ. ದುಂಡಮ್ಮ ಒಂದು ಗಳಿಗೆ ನನ್ನ ಕೈ ಕಡೆ ನೋಡಿ, ಆಗಲಿ ಬಿಡಣ್ಣ, ಎಂದಳು. ತವರಿನ ಮಂದಿಯೆಲ್ಲ ಒಂದು ಕಡೆ, ಗಂಡಿನ ಕಡೆಯವರು ಒಂದು ಕಡೆ, ನಡುವೆ ಇವಳ ಹಂಡೆ. ಕೆಟ್ಟರೆ ಆಡಿಕೊಳ್ಳಲು ಅತ್ತಿಗೆಯರು ಮೂವರಿದ್ದರು.

ಗುರುವಾರ ನಮ್ಮ ಹೋಟೆಲಿಗೆ ರಜೆ. ಬೀಗರೂಟಕ್ಕೆ ಬಾಳೆಲೆ ಹೇಳಿ ಬರಲು ಎಲೆಮಂಡಿಗೆ ಹೋದೆ. ಕಟ್ಟು ಆರಿಸಿ, ಚೌಕಾಸಿ ಮಾಡಿ, ಮುಗಿಯುವಷ್ಟರಲ್ಲಿ ಒಂದೂವರೆ. ಹೊಟ್ಟೆ ತಾಳ ಹಾಕುತ್ತಿತ್ತು. ಮಂಡಿಯ ಎದುರಿಗೆ ನೀಲವ್ವನ ಖಾನಾವಳಿ. ಬಡಗಣ ಸೀಮೆಯಿಂದ ಬಂದು ನೆಲೆನಿಂತ ಹೆಂಗಸು, ಬರೀ ರೊಟ್ಟಿ, ಪಲ್ಯ, ಕಾಳು. ಅಲ್ಲಿ ಒಂದು ಮೂಳೆಯೂ ಸಿಗುವುದಿಲ್ಲ ಎಂದು ನಾನೇ ಎಷ್ಟು ಸಲ ನಕ್ಕಿದ್ದೆನೋ. ಬಾಗಿಲಲ್ಲಿ ಕೂತಿದ್ದ ಅವಳು ನನ್ನನ್ನು ನೋಡಿ, ಬರ್ರಿ ಅಣ್ಣಾರ, ಎಂದು ಕೈ ಚಾಚಿದಳು. ಚಾಚಿದ ಕೈಯನ್ನು ಮೂಸದೆ ಹೋದರೆ ಅವಮಾನ ಮಾಡಿದ ಹಾಗೆ. ನಾನೂ ಅದೇ ಕಸುಬಿನವನು, ಬಗ್ಗಿದೆ. ಬದನೆಕಾಯಿ ಎಣ್ಣೆಗಾಯಿ. ಹುರಿದ ಶೇಂಗಾ, ಗುರೆಳ್ಳು, ಹಳೇ ಹುಣಿಸೆ, ಚೂರು ಬೆಲ್ಲ. ಕಾಲು ನನ್ನನ್ನು ಕೇಳದೆಯೇ ಹೊಸ್ತಿಲು ದಾಟಿತು.

ಒಂದು ರೊಟ್ಟಿ ತಿಂದು ಏಳೋಣ ಎಂದುಕೊಂಡು ಕೂತೆ. ಬಿಸಿ ಜೋಳದ ರೊಟ್ಟಿ ಉಬ್ಬಿಕೊಂಡು ಬಂತು. ಮುರಿದರೆ ಒಳಗಿಂದ ಹಬೆ. ಬೆರಳುದ್ದದ ಗುಂಡು ಬದನೆಕಾಯಿ, ನಾಲ್ಕು ಸೀಳಿ ಮಸಾಲೆ ತುಂಬಿದ್ದು, ತೊಟ್ಟು ಹಿಡಿದೆತ್ತಿದರೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ಮೊದಲನೆಯದು ಬಾಯಿಗೆ ಹೋದಾಗ ಇದರಲ್ಲಿ ಎಲ್ಲೋ ಕೊಬ್ಬು ಹಾಕಿದ್ದಾರೆ ಎಂದು ಅನುಮಾನವಾಯಿತು, ಅಯ್ಯೋ ದೇವರೇ, ಅಷ್ಟು ಜಿಡ್ಡು, ಅಷ್ಟು ತೂಕ. ಎರಡನೆಯದು ತಿಂದೆ. ತೊಟ್ಟನ್ನೂ ಮೂಳೆ ಚೀಪಿದ ಹಾಗೆ ಚೀಪಿದೆ. ನೀಲವ್ವನೇ ಒಳಗೆ ಬಂದು, ಇನ್ನೊಂದ್ ಹಾಕ್ಲೇನ್ರಿ, ನಾಚ್ಕೋಬ್ಯಾಡ್ರಿ, ಎಂದಳು. ಹಾಕವ್ವಾ, ಎಂದೆ. ಹೆಸರುಕಾಳು ಉಸಳಿ ಬಂತು, ಹಸಿ ಈರುಳ್ಳಿ ಬಂತು, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು ಬಂತು. ನಾಲ್ಕು ರೊಟ್ಟಿ, ಏಳು ಬದನೆಕಾಯಿ. ಕೊನೆಯ ತುತ್ತಿನಲ್ಲಿ ಕಣ್ಣಂಚಿಗೆ ನೀರು ಬಂದಿತ್ತು. ಖಾರಕ್ಕೆ ಎಂದುಕೊಂಡೆ.

ಹೊರಗೆ ಬಂದು ಹತ್ತು ಹೆಜ್ಜೆ ಹಾಕಿರಲಿಲ್ಲ, ಬುಡನ್ ಸಾಬ್ ಎದುರಾದ. ನಮ್ಮ ಹೋಟೆಲಿಗೆ ಮಾಂಸ ಕೊಡುವವನು, ನನ್ನ ಮೂವತ್ತು ವರ್ಷದ ಸ್ನೇಹಿತ. ಅಭ್ಯಾಸಬಲದಿಂದ ಕೈ ಹಿಡಿದು ಮೂಗಿಗೆ ಎತ್ತಿದವನು ಅಲ್ಲೇ ನಿಂತುಬಿಟ್ಟ. ನನ್ನ ಮುಖ ನೋಡಿದ, ಮತ್ತೆ ಮೂಸಿದ. ಆಮೇಲೆ ಸೈಕಲ್ಲಿಗೆ ಒರಗಿಕೊಂಡು ಬಿದ್ದು ಬಿದ್ದು ನಕ್ಕ. "ಬದ್ನೇಕಾಯಾ ಮೊಗಣ್ಣಾ? ನೀನಾ?" ಎಂದ. ನನಗೆ ನಗು ಬರಲಿಲ್ಲ. ನಾಳೆ ಹತ್ತು ಗಂಟೆಗೆ ದುಂಡಮ್ಮ ಈ ಕೈ ಹಿಡಿಯುತ್ತಾಳೆ. ಪರಊರಿನ ಹೆಂಗಸಿನ ಒಲೆಯ ಬದನೆಕಾಯಿ ನನ್ನ ಕೈಯಲ್ಲಿ ಕೂತಿರುವುದನ್ನು ನೋಡುತ್ತಾಳೆ. ರುಚಿ ಸತ್ತ ಹೆಂಗಸು, ಗಂಡನ ಕೈಯೊಂದನ್ನೇ ನಂಬಿದವಳು.

ಮನೆಗೆ ಹೋಗುವ ಮೊದಲು ಬುಡನ್ ಸಾಬನ ಅಂಗಡಿಯ ಹಿಂದೆ ಕೂತು ಕುರಿಯ ಈರಲು ಹುರಿಸಿಕೊಂಡು ತಿಂದೆ, ಹತ್ತಲಿಲ್ಲ. ಚಾಪ್ಸು ತಿಂದೆ. ಅವನು ಮೂಸಿ ನೋಡಿ ತಲೆಯಾಡಿಸಿದ. ತಿಂದದ್ದು ಯಾವುದು, ಮರದ ಚಕ್ಕೆ ಯಾವುದು ಎಂದು ನನ್ನ ನಾಲಿಗೆಗೇ ತಿಳಿಯುತ್ತಿರಲಿಲ್ಲ. ಹೆದರಿಕೊಂಡು ತಿಂದರೆ ಮೈಗೂ ಹತ್ತಲ್ಲ, ಕೈಗೂ ಹತ್ತಲ್ಲ, ಹೋಗಿ ಹೆಂಡ್ತಿಗೆ ಹೇಳಿಬಿಡು, ಎಂದು ಬುಡನ್ ಸಾಬ್ ಬುದ್ಧಿ ಹೇಳಿದ. ಹೇಳುವವರಿಗೇನು. ನಾನು ಅಂಗೈಯಿಂದ ಮಣಿಕಟ್ಟಿನ ತನಕ ಬಟ್ಟೆ ಸುತ್ತಿ, ಅದರ ಮೇಲೆ ನೀಲಗಿರಿ ಎಣ್ಣೆ ಸುರಿದುಕೊಂಡು ಮನೆಗೆ ಹೋದೆ. ಇಳಿಗೆಮಣೆ ತಗುಲಿತು ಎಂದೆ. ಬಿಚ್ಚಿ ತೋರಿಸಿ ಎಂದಳು. ಗಾಳಿ ತಾಗಬಾರದಂತೆ ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಇಳಿಗೆಮಣೆಯ ಹತ್ತಿರ ಸುಳಿಯದ ಗಂಡಸಿಗೆ ಅದು ಹೇಗೆ ತಗುಲಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಹತ್ತು ಗಂಟೆಗೆ ಬಟ್ಟಲು ಬಂತು. ಕುಡಿದೆ. ಹೇಗದೆ, ಎಂದಳು. ಸರಿಯಾಗಿದೆ, ಎಂದೆ. ಉಪ್ಪು? ಸರಿಯಾಗಿದೆ. ಖಾರ? ಸರಿಯಾಗಿದೆ. ನಿಜಕ್ಕೂ ನನಗೆ ಏನೂ ತಿಳಿಯಲಿಲ್ಲ, ಬಿಸಿನೀರು ಕುಡಿದ ಹಾಗೆ ಆಗಿತ್ತು. ಬಾಗಿಲಲ್ಲಿ ಕಟ್ಟಿದ ಕೈ ಇಟ್ಟುಕೊಂಡು ಕೂತೆ. ನಮ್ಮೂರಲ್ಲಿ ಕಟ್ಟಿದ ಕೈ ಎಂದರೆ ಮುಚ್ಚಿದ ಬಾಗಿಲು. ಅರ್ಧ ಜನ ಹಾಗೇ ಮುಂದೆ ಹೋದರು. ವಿಶ್ವಾಸದ ಮೇಲೆ ಒಳಗೆ ಹೋದವರು ಮುದ್ದೆ ಮುರಿದು, ಸಾರಿಗೆ ಅದ್ದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಬುಡನ್ ಸಾಬ್ ಕೈ ತೊಳೆದು ಬಂದು ನನ್ನ ಕಿವಿಯಲ್ಲಿ, ಉಪ್ಪು ಎರಡು ಸಲ ಬಿದ್ದದೆ ಕಣಪ್ಪ, ಎಂದು ಹೇಳಿ ತಲೆ ತಗ್ಗಿಸಿಕೊಂಡು ಹೋದ.

ದುಂಡಮ್ಮ ತಟ್ಟೆಗಳನ್ನು ನೋಡಿದಳು. ತಟ್ಟೆಯಲ್ಲಿ ಉಳಿದದ್ದನ್ನು ನೋಡಿದರೆ ಅಡುಗೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಅವಳು ಹಂಡೆಯ ಸಾರನ್ನು ಸೌಟಿನಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡಳು, ಇನ್ನೊಮ್ಮೆ ಇಟ್ಟುಕೊಂಡಳು, ಮತ್ತೊಮ್ಮೆ ಇಟ್ಟುಕೊಂಡಳು. ಬಾಗಿಲಿನಿಂದ ನಾನು ನೋಡುತ್ತಿದ್ದೆ. ಎದ್ದು ಹೋಗಿ ಬಟ್ಟೆ ಬಿಚ್ಚಿ ಎಸೆಯೋಣ ಎಂದು ಮೂರು ಸಲ ಎದ್ದೆ, ಮೂರು ಸಲವೂ ಸ್ಟೂಲು ನನ್ನನ್ನು ಹಿಡಿದುಕೊಂಡಿತು. ನನ್ನಂಥ ಹೇಡಿ ಈ ಬೀದಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನೇ ಬೈದುಕೊಂಡೆ. ಬೈದುಕೊಂಡರೆ ಧೈರ್ಯ ಬರುತ್ತದೆಯೇ.

ಶನಿವಾರವೂ ಹಾಗೇ ಆಯಿತು. ಆ ದಿನ ಖಾರ ಏರಿತ್ತು. ಮಧ್ಯಾಹ್ನ ಮೂರಕ್ಕೆ ಹೋಟೆಲು ಖಾಲಿಯಾದಾಗ ದುಂಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅವಳು ಊಟದ ಬೆಂಚಿನ ಮೇಲೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. "ಅಣ್ಣಂಗೆ ಹೇಳಿ ಕಳಿಸಿ, ಬ್ಯಾರೆಯವರನ್ನ ನೋಡ್ಕಳ್ಳಿ ಅಂತ. ನನ್ನ ಕೈಲಿ ಆಗಕಿಲ್ಲ," ಎಂದಳು. ಯಾಕೆ ಎಂದೆ. ನಾಲಿಗೆ ಹೋಯಿತು, ಅಂದಾಜಿನಲ್ಲಿ ಮಾಡುತ್ತಿದ್ದೆ, ಈಗ ಅಂದಾಜೂ ಹೋಯಿತು ಎಂದಳು. ಒಲೆಯ ಮುಂದೆ ಇನ್ನು ನಿಲ್ಲುವುದಿಲ್ಲ ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಇನ್ನೊಂದು ಸುಳ್ಳು ಹುಡುಕುತ್ತಿದ್ದೆನೋ ಏನೋ.

ಬಟ್ಟೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದೆ. ಬಿಚ್ಚಿದ ಕೈಯನ್ನು ಅವಳ ಮುಂದೆ ಚಾಚಿದೆ, ಗಿರಾಕಿಗೆ ಚಾಚಿದ ಹಾಗೆ. ಅವಳು ಮೊದಲು ಗಾಯ ಹುಡುಕಿದಳು. ಆಮೇಲೆ ಮೂಗಿಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. "ಶೇಂಗಾನ ಸಣ್ಣುರಿಲಿ ಹುರ್ದವ್ರೆ," ಎಂದಳು. "ಗುರೆಳ್ಳು. ಹುಣ್ಸೇಹಣ್ಣು ಹೋದ್ ವರ್ಸದ್ದು. ಉಪ್ಪು ಎಂಗ್ ಬಿದ್ದದೆ ನೋಡಿ, ಒಂದು ಕಲ್ಲು ಹೆಚ್ಚಿಲ್ಲ, ಕಮ್ಮಿ ಇಲ್ಲ." ಕಣ್ಣು ತೆರೆದು ಯಾರ ಮನೆಯದು ಎಂದು ಕೇಳಿದಳು. ಹೇಳಿದೆ. ಎಲೆಮಂಡಿ, ಒಂದೂವರೆ ಗಂಟೆ, ನಾಲ್ಕು ರೊಟ್ಟಿ, ಏಳು ಬದನೆಕಾಯಿ, ಎಲ್ಲವನ್ನೂ ಹೇಳಿದೆ. ಬದನೆಕಾಯಿಯ ಲೆಕ್ಕದಲ್ಲೂ ಸುಳ್ಳು ಹೇಳಲಿಲ್ಲ.

"ನನ್ನ ಸಾರಿಗೆ ನಿಮ್ಮ ಕೈ ಯಾವತ್ತೂ ಹಿಂಗೆ ಬಂದಿರ್ನಿಲ್ಲ," ಎಂದಳು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಜ್ವರಕ್ಕೆ ಮೊದಲು ಬರುತ್ತಿತ್ತು ಎಂದೆ. ಎರಡು ವರ್ಷದಿಂದ ನಾನು ಉಂಡೇ ಇಲ್ಲ ಕಣೇ, ಪರೀಕ್ಷೆಗೆ ಕೂತಿದ್ದೀನಿ, ನೀನು ಕೈ ಹಿಡಿಯುವ ತನಕ ನನ್ನ ಜೀವ ನನ್ನ ಹತ್ತಿರ ಇರುವುದಿಲ್ಲ, ಆ ಖಾನಾವಳಿಯಲ್ಲಿ ನನ್ನ ಕೈಗಾಗಿ ಯಾರೂ ಕಾಯುತ್ತಿರಲಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಐವತ್ತು ದಾಟಿದ ಗಂಡಸು, ಊರಿಗೆಲ್ಲ ಮೀಸೆ ತಿರುವಿದವನು, ಹೋಟೆಲಿನ ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತೆ. ದುಂಡಮ್ಮ ಎದ್ದು ಬಾಗಿಲು ಮುಂದೆ ಮಾಡಿದಳು. ನಾಕು ಜನ ನೋಡ್ತಾರೆ, ಎಂದಳು.

ಭಾನುವಾರ ಬೆಳಿಗ್ಗೆ ಜವರಣ್ಣನ ಹಿತ್ತಲಿನಲ್ಲಿ ಎರಡು ಹಂಡೆ ಏರಿದವು. ಅಣ್ಣನಿಗೆ ಹೇಳಿ ಕಳಿಸುವ ಮಾತನ್ನು ಅವಳು ಮತ್ತೆ ಎತ್ತಿರಲಿಲ್ಲ. ಸಾರು ಕುದಿ ಹತ್ತಿದಾಗ ನಾನು ಅಭ್ಯಾಸದಂತೆ ಒಲೆಯ ಪಕ್ಕ ಹೋಗಿ ನಿಂತೆ. ಬಟ್ಟಲು ಕೊಡಲಿಲ್ಲ. ಹಲಸಿನ ಮರದ ಕೆಳಗೆ ಚಾಪೆ ಹಾಸಿ, ಎಲೆ ಹಾಕಿ, ಮುದ್ದೆ ಇಟ್ಟು ಸಾರು ಬಿಟ್ಟಳು. ಇನ್ನೂ ಬೀಗರೇ ಬಂದಿಲ್ಲ, ಇದೇನು ಗಂಡನಿಗೆ ಮೊದಲ ಪಂಕ್ತಿ ಎಂದು ಒಬ್ಬ ಅತ್ತಿಗೆ ನಕ್ಕಳು. ದುಂಡಮ್ಮ ತಿರುಗಿಯೂ ನೋಡಲಿಲ್ಲ. ನನ್ನ ಕಡೆ ಬೆನ್ನು ಮಾಡಿ ಕೂತು ಈರುಳ್ಳಿ ಹೆಚ್ಚತೊಡಗಿದಳು. ಕೈ ಕೇಳಲಿಲ್ಲ, ಹೇಗಿದೆ ಎಂದೂ ಕೇಳಲಿಲ್ಲ. ಮೊದಲ ಎರಡು ತುತ್ತು ಗಂಟಲಲ್ಲೇ ನಿಂತವು. ಮೂರನೆಯದಕ್ಕೆ ಒಂದು ನಲ್ಲಿಮೂಳೆ ಸಿಕ್ಕಿತು. ಚೀಪಿದೆ. ಎಷ್ಟೋ ದಿನದ ಮೇಲೆ ನಮ್ಮ ಮನೆಯ ಸಾರು ನನ್ನ ಬಾಯಿಗೆ ಬಂತು. ಇನ್ನೊಂದು ಮುದ್ದೆ ಹಾಕು ಎಂದಾಗಲೇ ಅವಳು ತಿರುಗಿದ್ದು.

ಕೈ ತೊಳೆದು ಬಂದು ಚಾಚಿದೆ. ಮೂಸಿದಳು. "ಬದ್ನೇಕಾಯಿ ಇನ್ನೂ ಒಂಚೂರು ಅದೆ," ಎಂದಳು. "ಇರ್ಲಿ, ಅದ್ರ ಪಕ್ಕಕ್ಕೆ ಬಾಡೂ ಬಂದದೆ. ಉಪ್ಪು ಸಾಲದು." ಒಂದು ಹಿಡಿ ಉಪ್ಪನ್ನು ಕೈಯಲ್ಲೇ ತೂಗಿ, ಅರ್ಧ ವಾಪಸು ಹಾಕಿ, ಉಳಿದದ್ದನ್ನು ಹಂಡೆಗೆ ಬಿಟ್ಟಳು. ಬೀಗರು ಉಂಡರು, ತವರಿನವರು ಉಂಡರು. ನಕ್ಕಿದ್ದ ಅತ್ತಿಗೆ ಎರಡನೇ ಸಲ ಸಾರು ಹಾಕಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಜವರಣ್ಣ ತಂಗಿಗೆ ಒಂದು ಸೀರೆ ಕೊಟ್ಟ. ಹಸಿರು ಅಂಚಿನದು.

ಮುಂದಿನ ಗುರುವಾರ ಅವಳು ಆ ಸೀರೆ ಉಟ್ಟುಕೊಂಡು ಬಂದು ನನ್ನ ಮುಂದೆ ನಿಂತಳು. ನಡೀರಿ, ಆ ಖಾನಾವಳಿಗೆ ಹೋಗಣ, ಎಂದಳು. ಎರಡು ವರ್ಷದಿಂದ ನಾನು ನಮ್ಮ ಸಾರು ಬಿಟ್ಟು ಬೇರೆ ಒಲೆಯದು ತಿಂದಿಲ್ಲ, ಬೇರೆ ರುಚಿಯಾದರೆ ನನ್ನ ಕೈಗೆ ಹತ್ತಿದರೂ ಹತ್ತಬಹುದು, ಎಂದಳು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಹತ್ತದಿದ್ದರೆ? ನೀಲವ್ವ ಕೈ ಚಾಚಿದಳು. ದುಂಡಮ್ಮ ಬಗ್ಗಿ ಮೂಸಿ, ಅದೇ, ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ ಒಳಗೆ ನಡೆದಳು.

ಎದುರುಬದುರು ಕೂತೆವು. ಅವಳು ರೊಟ್ಟಿಯನ್ನು ಸಣ್ಣದಾಗಿ ಮುರಿದು, ಬದನೆಕಾಯಿಯನ್ನು ಅದರಲ್ಲಿ ಹಿಡಿದು, ನಿಧಾನವಾಗಿ ಅಗಿದಳು. ಒಂದು ಪೂರ್ತಿ ರೊಟ್ಟಿ ತಿಂದಳು. ನಾನು ತಟ್ಟೆ ಮುಟ್ಟಿರಲಿಲ್ಲ. ಕೈ ತೊಳೆದು ಬಂದು ಕೂತವಳು, ಸುತ್ತ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಲಗೈಯನ್ನು ಮೇಜಿನ ಮೇಲಿಂದ ನನ್ನ ಕಡೆ ಸರಿಸಿದಳು. ಎರಡು ವರ್ಷದ ಮೇಲೆ.

ಬಗ್ಗಿದೆ. ನೀರಿನ ತಂಪು. ಇನ್ನಷ್ಟು ಬಗ್ಗಿ, ಉಸಿರು ಎಳೆದುಕೊಂಡು, ಬೆರಳ ಸಂದಿಯಲ್ಲೂ ಹುಡುಕಿದೆ. ಏನೂ ಇರಲಿಲ್ಲ. ಒಂಚೂರು ಬರ್ತಾ ಅದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆ ಹಸಿರು ಅಂಚಿನ ಸೀರೆ ನೋಡಿದರೆ ಯಾರ ಬಾಯಿಗಾದರೂ ಆ ಸುಳ್ಳು ಬರುತ್ತಿತ್ತು.

"ಏನೂ ಇಲ್ಲ ಕಣೇ," ಎಂದೆ.

ಅವಳು ಕೈಯನ್ನು ಮೇಜಿನ ಮೇಲಿಂದ ಹಿಂದಕ್ಕೆ ತೆಗೆದುಕೊಂಡಳು. "ತಿನ್ನುವಾಗ್ಲೇ ನಂಗೂ ಗೊತ್ತಾಯ್ತು," ಎಂದಳು. "ಮುಂಚಿನಂಗೆ ಸುಳ್ ಹೇಳ್ತೀರೇನೋ ಅಂತ ಭಯ ಆಗಿತ್ತು. ಹೇಳಿದ್ರೆ ನಾಳೆಯಿಂದ ನಿಮ್ಮ ಕೈನ ಎಂಗ್ ನಂಬ್ಲಿ?" ನೀಲವ್ವನನ್ನು ಕರೆದು ನನ್ನ ತಟ್ಟೆ ತೋರಿಸಿ, ಇವರಿಗೆ ಬಿಸಿದು ಹಾಕವ್ವಾ, ಎಂದಳು. ನಾನು ತಿಂದೆ. ಮೊದಲನೆಯದು, ಎರಡನೆಯದು, ತೊಟ್ಟು ಸಮೇತ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಊಟ ಮಾಡಿದಳು.